ಶುಗರ್ ಚೀಟಿ ನೋಡುವವರು ಪಾದವನ್ನೂ ನೋಡಲಿ

ಮಾನ್ಯ ಸಂಪಾದಕರೇ,

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜಿಸಿತು. ತಪ್ಪದೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಮಾತ್ರೆ ಬರೆಸಿಕೊಂಡು ಹೋಗುವವರಿಗೂ ಚಪ್ಪಲಿ ಬಿಡಿಸಿ ಪಾದ ನೋಡುವ ಪರಿಪಾಠ ಎಷ್ಟೋ ಕಡೆ ಇಲ್ಲ. ಕಾಲು ಕಳೆದುಕೊಳ್ಳುವ ಮಧುಮೇಹಿಗಳಲ್ಲಿ ಬಹುಪಾಲು ಮಂದಿಯ ಕಷ್ಟ ಶುರುವಾಗುವುದು ಬೆರಳಿನಲ್ಲೋ ಅಂಗಾಲಿನಲ್ಲೋ ಆದ ಒಂದು ಹುಣ್ಣಿನಿಂದ.

‘ಗಾಯ ಇದೆ, ನೋವೇನಿಲ್ಲ’ ಎಂದು ರೋಗಿ ಸಮಾಧಾನದಿಂದ ಹೇಳುತ್ತಾರೆ. ಕೇಳಿದವರು ಗಾಬರಿಯಾಗಬೇಕಾದ ಮಾತು ಅದು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸೊರಗಿ ಬಿಸಿ, ಒತ್ತಡ, ನೋವು ಯಾವುದೂ ತಿಳಿಯದಂತಾಗುತ್ತದೆ. ಚಪ್ಪಲಿಗೆ ಚುಚ್ಚಿದ ಮೊಳೆಯ ಮೇಲೇ ಸಂಜೆವರೆಗೆ ಓಡಾಡುತ್ತಾರೆ. ಪಾದ ಉರಿಯುತ್ತದೆಂದು ಬಿಸಿನೀರಿನಲ್ಲಿ ಕಾಲಿಟ್ಟು ಬೊಬ್ಬೆ ಎಬ್ಬಿಸಿಕೊಳ್ಳುತ್ತಾರೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಳ್ಳುತ್ತಾರೆ. (ಬಿಸಿಲೇರುವ ಮೊದಲೇ ಹೋಗಿಬನ್ನಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡರೆ ದೇವರೇನೂ ಮುನಿಯುವುದಿಲ್ಲ.) ರಾತ್ರಿ ಇಲಿ ಬೆರಳು ಕಚ್ಚಿದ್ದು ಬೆಳಿಗ್ಗೆ ಹಾಸಿಗೆಯ ಮೇಲಿನ ರಕ್ತ ಕಂಡಾಗಲಷ್ಟೇ ಗೊತ್ತಾಗುವುದೂ ಉಂಟು.

ಮೇಲೆ ಹುಣಸೆಬೀಜದಷ್ಟೇ ಕಾಣುವ ಗಾಯದ ಒಳಗೆ ಕೀವು ಸ್ನಾಯುರಜ್ಜುಗಳ ಗುಂಟ ಬೆರಳ ಬುಡದಿಂದ ಅಂಗಾಲಿಗೆ, ಅಲ್ಲಿಂದ ಕಣಕಾಲಿಗೆ ಹರಿಯುತ್ತದೆ. ಆಣಿ ಅಥವಾ ದಡ್ಡುಗಟ್ಟಿದ ಚರ್ಮ ಗಾಯದ ಬಾಯಿ ಮುಚ್ಚಿದ್ದರೆ ಹೊರಬರಲು ದಾರಿಯೂ ಇರುವುದಿಲ್ಲ. ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳ ಶಕ್ತಿ ಕುಂದುತ್ತದೆ, ಸೋಂಕು ಏರಿದಾಗ ಸಕ್ಕರೆ ಮತ್ತಷ್ಟು ಏರುತ್ತದೆ. ಸೋಂಕು ತೀವ್ರವಾದರೂ ಜ್ವರ ಬರಲೇಬೇಕೆಂದಿಲ್ಲ. ಊಟ, ಮಾತ್ರೆ ಏನೂ ಬದಲಾಗದೆ ಶುಗರ್ ಏಕಾಏಕಿ ಏರಿತೆಂದರೆ ಮೊದಲು ಕಾಲು ನೋಡಿಕೊಳ್ಳಿ. ಗಾಯದ ಸುತ್ತಲಿನ ಕೆಂಪು 2 ಸೆಂ.ಮೀ. ದಾಟಿದ್ದರೆ, ದುರ್ವಾಸನೆ ಬಂದರೆ, ಬೆರಳು ಕಪ್ಪಾದರೆ, ಚಳಿ ನಡುಕ ಬಂದರೆ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಅದೇ ದಿನ ಹೋಗಬೇಕು, ನಾಳೆ ಎನ್ನುವಂತಿಲ್ಲ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಅಂಗೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟಿ, ಯಾವುದು ಬಿಸಿ ಎಂದು ಹೋಲಿಸಿ ನೋಡಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ ಬಿಸಿಯಾಗಿದ್ದರೂ ಅದರ ಮೇಲೆ ಭಾರ ಹಾಕಬೇಡಿ: ಒಳಗೆ ಮೂಳೆಗಳು ಮುರಿಯುತ್ತಿರುವ ಶಾರ್ಕೋ ಪಾದವಿರಬಹುದು.

ಗಾಯಕ್ಕೆ ಅರಿಶಿನ, ಕಾಫಿಪುಡಿ, ಬೂದಿ ಮೆತ್ತಿಕೊಂಡು ಬಂದರೆ ಅದನ್ನು ತೊಳೆದು ತೆಗೆಯುವುದೇ ಒಂದು ಕೆಲಸ. ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್‌ನಲ್ಲಿರುವ ಆಮ್ಲ ಆಣಿಯ ಜೊತೆಗೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಬ್ಲೇಡಂತೂ ಮುಟ್ಟಲೇಬೇಡಿ. ಸಣ್ಣ ಗಾಯವಾದರೆ ಹರಿಯುವ ಶುದ್ಧ ನೀರು, ಸೋಪಿನಿಂದ ತೊಳೆದು, ಒತ್ತಿ ಒರೆಸಿ, ಶುಭ್ರ ಗಾಜ್ ಬಟ್ಟೆ ಸಡಿಲವಾಗಿ ಕಟ್ಟಿ, 24 ಗಂಟೆಯೊಳಗೆ ವೈದ್ಯರಿಗೆ ತೋರಿಸಿ. ಔಷಧಿ ಅಂಗಡಿಯಲ್ಲಿ ಕೇಳಿ ಪಡೆದ ಮೂರು ದಿನದ ಆಂಟಿಬಯಾಟಿಕ್ ಕೀವು ತುಂಬಿದ ಗಾಯಕ್ಕೆ ಕೆಲಸಕ್ಕೆ ಬಾರದು: ಕೀವನ್ನು ಕೊಯ್ದು ಹೊರಗೆ ಬಿಡಬೇಕು, ಸತ್ತ ಮಾಂಸ ತೆಗೆಯಬೇಕು. ವೈದ್ಯರು ಗಾಯದೊಳಗೆ ಹಾಕಿದ ಲೋಹದ ಸಲಾಕೆ ಮೂಳೆಗೆ ತಾಗಿದರೆ ಮೂಳೆಗೂ ಸೋಂಕು ಇಳಿದಿರುವ ಶಂಕೆ ಬಲವಾಗುತ್ತದೆ. ಆರಂಭದ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದಾದ್ದರಿಂದ ‘ಎಕ್ಸ್‌ರೇ ಚೆನ್ನಾಗಿದೆ’ ಎಂದು ಕೈಬಿಡಬಾರದು.

ಸ್ಪರ್ಶ ಉಳಿದಿದೆಯೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ಮಾನೊಫಿಲಮೆಂಟ್ ಎಂಬ ನೈಲಾನ್ ಎಳೆ ಬಳಸುತ್ತಾರೆ. ಅದಿಲ್ಲದಿದ್ದರೆ ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯಿಂದ ಬಂದ ಪರೀಕ್ಷೆಗೆ ಕೈಯ ಒಂದು ಬೆರಳು ಸಾಕು, ಮನೆಯವರೂ ಮಾಡಬಹುದು. ರೋಗಿ ಕಣ್ಣು ಮುಚ್ಚಿ ಕಾಲು ಚಾಚಿರಲಿ. ಪಾದದ ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು, ಈ ಕ್ರಮದಲ್ಲಿ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಮುಟ್ಟಿದ್ದು ತಿಳಿದಾಗ ‘ಎಡ’, ‘ಬಲ’ ಎಂದು ಅವರು ಹೇಳಬೇಕು. ತಿಳಿಯದ ಬೆರಳನ್ನು ಮತ್ತೆ ಮುಟ್ಟುವಂತಿಲ್ಲ. ಆರರಲ್ಲಿ ಎರಡು ತಪ್ಪಿದರೂ ಸ್ಪರ್ಶ ಕುಂದಿದೆ ಎಂದರ್ಥ. ಅಂಥವರು ದಿನಾ ಪಾದ, ಬೆರಳ ಸಂದಿ ನೋಡಿಕೊಳ್ಳಬೇಕು, ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಧುಮೇಹದಂಥ ಸಾಂಕ್ರಾಮಿಕವಲ್ಲದ ರೋಗಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಲ್ಲೂ ಖಾಸಗಿ ಕ್ಲಿನಿಕ್‌ಗಳಲ್ಲೂ ಶುಗರ್ ಕಾರ್ಡಿನ ಮೇಲೆ ಈ ಆರು ಬೆರಳುಗಳಿಗೊಂದು ಸಾಲು ಇರಲಿ. ಇದಕ್ಕೆ ಬಜೆಟ್ ಬೇಕಿಲ್ಲ.

ಡ್ರೆಸ್ಸಿಂಗ್ ದಿನಾ ಆಗುತ್ತದೆ, ಹುಣ್ಣು ಮಾಯುವುದಿಲ್ಲ. ಏಕೆಂದರೆ ಡ್ರೆಸ್ಸಿಂಗ್‌ಗೆ ಬರುವುದೂ ಅದೇ ಕಾಲಿನಲ್ಲಿ ನಡೆದು. ವೆಲ್ಲೂರಿನಲ್ಲಿ, ಹೀಗೆಯೇ ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದಗಳನ್ನು ಆರೈಕೆ ಮಾಡಿದ ಡಾ. ಪಾಲ್ ಬ್ರಾಂಡ್ ತೋರಿಸಿಕೊಟ್ಟದ್ದು ಇದನ್ನೇ: ಮಾಂಸಕ್ಕೆ ಮಾಯುವ ಗುಣವಿದೆ, ಭಾರ ಬೀಳುವುದು ನಿಲ್ಲಬೇಕು. ಸೋಂಕು ಹತೋಟಿಗೆ ಬಂದು ರಕ್ತಸಂಚಾರ ಸರಿಯಿದ್ದರೆ ಮೊಣಕಾಲ ಕೆಳಗಿನವರೆಗೆ ಹಾಕುವ ವಿಶೇಷ ಪ್ಲಾಸ್ಟರ್ ಆ ಕೆಲಸ ಮಾಡುತ್ತದೆ. ಮಾದ ಮೇಲೆ ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿಯಿರುವ, ಮೆತ್ತನೆಯ ಎಂಸಿಆರ್ (ಸೂಕ್ಷ್ಮರಂಧ್ರಗಳ ರಬ್ಬರ್) ಅಟ್ಟೆಯ ಚಪ್ಪಲಿ ಬೇಕು. ‘ಕುಷ್ಠದವರ ಚಪ್ಪಲಿ’ ಎಂದು ನಾಚಿ ಅದನ್ನು ಮೂಲೆಗೆ ಹಾಕುವವರಿದ್ದಾರೆ. ಮಾದ ಹುಣ್ಣು ವರ್ಷದೊಳಗೆ ಮರಳುವುದು ಸುಮಾರು 40% ಮಂದಿಯಲ್ಲಿ.

ಇನ್ನು, ‘ಬೆರಳು ತೆಗೆಯಬೇಕು’ ಎಂದಾಗ ಕುಟುಂಬದವರು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಕಾಲಿನ ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗಿದೆಯೇ? ರಕ್ತ ಹರಿಯದ ಕಾಲಿನಲ್ಲಿ ಬೆರಳು ಕತ್ತರಿಸಿದರೆ ಆ ಗಾಯವೂ ಮಾಯದೆ, ಪಾದ, ಮೊಣಕಾಲು ಎಂದು ಮೇಲೇರುತ್ತಾ ಹೋಗುತ್ತದೆ. ಬಲೂನ್ ಹಾಕಿ ನಾಳ ತೆರೆದರೆ ಎಷ್ಟೋ ಕಾಲುಗಳು ಉಳಿಯುತ್ತವೆ. ಕೀವು ತುಂಬಿದ್ದರೆ ಮಾತ್ರ ಡಾಪ್ಲರ್‌ಗೆಂದು ಕಾಯಬೇಡಿ. ಅದನ್ನು ಮೊದಲು ಹೊರಗೆ ಬಿಡಿಸಿ, ನಾಳದ ಪರೀಕ್ಷೆಯನ್ನು ಅದರ ಬೆನ್ನಲ್ಲೇ ಮಾಡಿಸಿ.

— ಮಧುಮೇಹ ಪಾದ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು ಮತ್ತು ಶುಶ್ರೂಷಕರು