ಮೇಣದಬತ್ತಿ ಪ್ರಯೋಗಕ್ಕೆ ಸಿದ್ಧ ಉತ್ತರ ಬೇಡ

ಮಾನ್ಯರೇ,

ಫೆಬ್ರುವರಿ 28ರ ವಿಜ್ಞಾನ ದಿನ ಬಂತೆಂದರೆ ಶಾಲೆಗಳ ವಸ್ತುಪ್ರದರ್ಶನದಲ್ಲಿ ಒಂದು ಪ್ರಯೋಗ ತಪ್ಪದೇ ಇರುತ್ತದೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಒಳಗೆ ಏರುತ್ತದೆ. ಪಕ್ಕದಲ್ಲಿ ನಿಂತ ಮಗು ಒಂದೇ ಉಸಿರಿಗೆ ಒಪ್ಪಿಸುತ್ತದೆ: ‘ಗಾಳಿಯ ಐದನೇ ಒಂದು ಭಾಗ ಆಮ್ಲಜನಕ. ಅದು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು.’ ಈ ವಿವರಣೆ ತಪ್ಪು. ತಪ್ಪೆಂದು ಮಕ್ಕಳೇ ಕಂಡುಕೊಳ್ಳಬಲ್ಲರು, ನಾವು ಬಿಡುತ್ತಿಲ್ಲ ಅಷ್ಟೆ.

ಆರು, ಏಳನೇ ತರಗತಿಯಲ್ಲಿ 40 ನಿಮಿಷದ ಒಂದು ಪಿರಿಯಡ್ ಇದಕ್ಕೆ ಸಾಕು. ನಾಲ್ಕೈದು ಮಕ್ಕಳ ಗುಂಪಿಗೆ ಅಂಚಿರುವ ಸ್ಟೀಲ್ ತಟ್ಟೆ, ಗಾಜಿನ ಲೋಟ, ಸುಮಾರು 4 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಮೂರು ಬತ್ತಿ ಕೊಡಿ. ಬತ್ತಿಯನ್ನು ಒಣ ತಟ್ಟೆಗೆ ಮೇಣದ ಹನಿಯಿಂದ ಮೊದಲೇ ಅಂಟಿಸಬೇಕು, ಒದ್ದೆಯಾದರೆ ನಿಲ್ಲುವುದಿಲ್ಲ. ಆಮೇಲೆ ಒಂದು ಸೆಂ.ಮೀ. ನೀರು, ಕಾಣುವಂತೆ ಎರಡು ಹನಿ ಶಾಯಿ. ಲೋಟದ ಅಂಚು ತಟ್ಟೆಗೆ ಕಚ್ಚಿಕೊಂಡರೆ ನೀರು ಒಳಗೆ ಬಾರದು, ಅಂಚಿನಡಿ ಮೂರು ನಾಣ್ಯ ಇಡಿ. ಫ್ಯಾನ್ ಆರಿಸಿ. ಜಡೆ ಹಿಂದಕ್ಕೆ ಕಟ್ಟಿರಲಿ.

ಕಡ್ಡಿ ಗೀರುವ ಮೊದಲು ಒಂದು ಪ್ರಶ್ನೆ: ಒಂದರ ಬದಲು ಮೂರು ಬತ್ತಿ ಹಚ್ಚಿದರೆ ನೀರು ಎಷ್ಟು ಏರುತ್ತದೆ? ಪ್ರತಿ ಮಗುವೂ ತನ್ನ ಊಹೆಯನ್ನು ಪುಸ್ತಕದಲ್ಲಿ ಬರೆಯಲಿ. ಲೋಟ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ. ಹಾಗಾಗಿ ಸಿದ್ಧ ಉತ್ತರ ನಿಜವಾದರೆ ಎರಡು ಸಲವೂ ಒಂದೇ ಎತ್ತರ ಬರಬೇಕು. ಆದರೆ ಮೂರು ಬತ್ತಿಗೆ ನೀರು ಸ್ಪಷ್ಟವಾಗಿ ಹೆಚ್ಚು ಏರುತ್ತದೆ! ಎತ್ತರ ಗುರುತಿಸಲು ಲೋಟಕ್ಕೆ ರಬ್ಬರ್ ಬ್ಯಾಂಡ್ ಹಾಕಿದರಾಯಿತು. ಎರಡನೇ ಸಲಕ್ಕೆ ಮುಂಚೆ ಲೋಟ ತಣಿಯಬೇಕು, ಬೀಸಿ ಹೊಸ ಗಾಳಿ ತುಂಬಬೇಕು. ಇಲ್ಲವಾದರೆ ಒಳಗುಳಿದ ಹಳೆಯ ಗಾಳಿಯಿಂದ ಬತ್ತಿ ಬೇಗ ಆರಿ ಲೆಕ್ಕ ತಪ್ಪುತ್ತದೆ.

ಇನ್ನೂ ಎರಡು ಸಂಗತಿ ಚುರುಕು ಕಣ್ಣಿನ ಮಕ್ಕಳಿಗೆ ಕಾಣುತ್ತವೆ. ಲೋಟ ಮುಚ್ಚಿದ ಕೂಡಲೇ ಅಂಚಿನಿಂದ ಗುಳ್ಳೆ ಏಳುತ್ತವೆ, ಮತ್ತು ನೀರು ಹೆಚ್ಚಾಗಿ ಏರುವುದು ಬತ್ತಿ ಆರಿದ ಮೇಲೆ. ಕಾದು ಹಿಗ್ಗಿದ ಗಾಳಿಯ ಒಂದಷ್ಟು ಹೊರಗೆ ಹೋಗಿದೆ, ಉಳಿದದ್ದು ತಣಿದು ಕುಗ್ಗಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ದೂಡುತ್ತದೆ. ಆಮ್ಲಜನಕದ ಪಾಲು ಇದರಲ್ಲಿ ಸಣ್ಣದು. ಒಳಗಿನ ಗಾಳಿಯಲ್ಲಿ ಇನ್ನೂ ಶೇ 15–16ರಷ್ಟು ಆಮ್ಲಜನಕ ಇರುವಾಗಲೇ ಜ್ವಾಲೆ ಆರುತ್ತದೆ, ಬಳಕೆಯಾದದ್ದರ ಬಹುಪಾಲು ಜಾಗವನ್ನು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಇಷ್ಟನ್ನು ಶಿಕ್ಷಕರು ಹೇಳಬೇಕಾದದ್ದು ಕೊನೆಯ ಹತ್ತು ನಿಮಿಷದಲ್ಲಿ. ಅಲ್ಲಿಯವರೆಗೆ ಸುಮ್ಮನಿರುವುದೇ ನಮ್ಮ ವೃತ್ತಿಯವರಿಗೆ ಕಷ್ಟ.

ಶಿಕ್ಷಕರನ್ನಷ್ಟೇ ದೂರಿ ಫಲವಿಲ್ಲ. ‘ಉರಿಯಲು ಬೇಕಾದ ಅನಿಲ ಯಾವುದು?’ ಎಂಬ ಒಂದು ಅಂಕದ ಪ್ರಶ್ನೆಗೆ ಇಷ್ಟೆಲ್ಲ ಬೇಕಿಲ್ಲವಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾಗಿ 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮ ಪರೀಕ್ಷೆಯನ್ನೇ ಬದಲಿಸಿತ್ತು. ಅಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಬರೆಯುತ್ತಿದ್ದರು, ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ನಮ್ಮಲ್ಲಿ ಸಂಕಲನಾತ್ಮಕ ಮೌಲ್ಯಮಾಪನದ (ಅವಧಿಯ ಕೊನೆಯ ಪರೀಕ್ಷೆಯ) ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಅಂಕವಾದರೂ ಇದಕ್ಕೆ ಮೀಸಲಿಡಬಹುದು. ಒಂದು ಬತ್ತಿಗೆ ಮತ್ತು ಮೂರು ಬತ್ತಿಗೆ ನೀರು ಏರಿದ ಎತ್ತರ ಕೊಟ್ಟು, ಎರಡಕ್ಕೆ ಎಷ್ಟು ಏರಬಹುದು, ಏಕೆ ಎಂದು ಕೇಳಲಿ. ಕಾರಣ ಹೊಂದುವಂತಿದ್ದರೆ ಪೂರ್ಣ ಅಂಕ ಕೊಡಬೇಕೆಂದು ಮೌಲ್ಯಮಾಪಕರಿಗೆ ಇಲಾಖೆ ಬರಹದಲ್ಲೇ ತಿಳಿಸಲಿ.

– ಪ್ರಾಥಮಿಕ ಶಾಲಾ ವಿಜ್ಞಾನ ಶಿಕ್ಷಕರು, ಹಾವೇರಿ ಜಿಲ್ಲೆ