ವಾಲ್ ಬಫರ್ ಹಿಗ್ಗಿಸುವ ಮುನ್ನ ಎಣಿಕೆ ನೋಡಿ

ಮಾನ್ಯ ಸಂಪಾದಕರೇ,

ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿಧಾನವಾಯಿತೆಂದರೆ ಅಳತೆ ಮಾಡದೆಯೇ ವಾಲ್ ಬಫರ್ ದೊಡ್ಡದು ಮಾಡುವ ರೂಢಿ ಬೆಳೆದಿದೆ. ಸರ್ವರ್ ನೋಡಿಕೊಳ್ಳುವ ಓದುಗರಿಗೆ ಈ ಮಾತು ಮುಟ್ಟಲಿ.

ಕಿರ್ದಿಯಲ್ಲಿ ಬರೆದು ಆಮೇಲೆ ಖತಾವಣಿಗೆ ಇಳಿಸುವಂತೆ, ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ಲಾಗ್‌ಗೆ ಬರೆಯುತ್ತದೆ. ಅದು ಡಿಸ್ಕ್ ಸೇರುವ ಮುನ್ನ ಮೆಮೊರಿಯಲ್ಲಿ ತಂಗುವ ಜಾಗವೇ ವಾಲ್ ಬಫರ್. ಏನೂ ಮುಟ್ಟದಿದ್ದರೆ ಇದರ ಗಾತ್ರ ಶೇರ್ಡ್ ಬಫರ್‌ನ (ಡೇಟಾ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) 32ರಲ್ಲಿ ಒಂದು ಪಾಲು, ಹೆಚ್ಚೆಂದರೆ 16 ಎಂಬಿ. ಶೇರ್ಡ್ ಬಫರ್ 128 ಎಂಬಿಯಲ್ಲೇ ಉಳಿದಿದ್ದರೆ ಸಿಗುವುದು 4 ಎಂಬಿ. 512 ಎಂಬಿ ಮುಟ್ಟಿದರೆ 16 ತಾನಾಗಿಯೇ ಬರುತ್ತದೆ.

ಅದು ಸಾಕೋ ಸಾಲದೋ ಎಂದು ಊಹಿಸಬೇಕಿಲ್ಲ. 14ನೇ ಆವೃತ್ತಿಯಿಂದ ವಾಲ್‌ನ ಅಂಕಿಅಂಶ ತೋರಿಸುವ ‘ಪಿಜಿ_ಸ್ಟ್ಯಾಟ್_ವಾಲ್’ನಲ್ಲಿ ‘ವಾಲ್_ಬಫರ್ಸ್_ಫುಲ್’ ಎಂಬ ಕಾಲಂ ಇದೆ. ಬಫರ್ ತುಂಬಿಹೋಗಿ ಎಷ್ಟು ಸಲ ಡಿಸ್ಕ್‌ಗೆ ಬರೆಯಬೇಕಾಯಿತು ಎಂಬ ಲೆಕ್ಕ ಅದು. ಕೆಲಸ ಜೋರಾಗಿರುವ ಹೊತ್ತಿನಲ್ಲಿ ಒಮ್ಮೆ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಓದಿ. ಎಣಿಕೆ ಅಲ್ಲಾಡದಿದ್ದರೆ ಬಫರ್ ಮುಟ್ಟಬೇಡಿ. ಲಕ್ಷಾಂತರ ಸಾಲು ತುಂಬುವಾಗಲೋ ನೂರಾರು ಸಂಪರ್ಕಗಳು ಒಮ್ಮೆಲೇ ಬರೆಯುವಾಗಲೋ ಅದು ಸರಸರನೆ ಏರಿದರೆ 32 ಅಥವಾ 64 ಎಂಬಿ ಕೊಟ್ಟು ಮತ್ತೆ ಅಳೆಯಿರಿ.

ಇಲ್ಲೇ ಎಡವುವುದು ಸುಲಭ. ಸೆಟ್ಟಿಂಗ್‌ನಲ್ಲಿ ಬರೀ ‘64’ ಎಂದು ಬರೆದು ‘ಎಂಬಿ’ ಮರೆತರೆ ಅದು 8 ಕೆಬಿಯ 64 ಬ್ಲಾಕ್, ಅಂದರೆ 512 ಕೆಬಿ. ಹಿಗ್ಗಿಸಲು ಹೋಗಿ ಕುಗ್ಗಿಸಿದಂತಾಯಿತು! ಬದಲಾವಣೆ ಜಾರಿಗೆ ಬರಲು ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ಆಮೇಲೆ ‘ಶೋ ವಾಲ್_ಬಫರ್ಸ್’ ಕೊಟ್ಟು ಕಣ್ಣಾರೆ ನೋಡಿ.

ಸಣ್ಣ ಸಣ್ಣ ಕಮಿಟ್‌ಗಳೇ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ತುಂಬಿರುವ ಕಡೆ ಬಫರ್ ಎಷ್ಟು ಹಿಗ್ಗಿಸಿದರೂ ಫಲವಿಲ್ಲ. ಪ್ರತಿ ಕಮಿಟ್ ಡಿಸ್ಕ್‌ಗಾಗಿ ಕಾಯಲೇಬೇಕು. ಸಾಲಿಗೊಂದು ಕಮಿಟ್ ಬಿಟ್ಟು ಸಾವಿರ ಸಾಲಿಗೊಂದು ಮಾಡಿದರೆ ಅಲ್ಲಿ ನಿಜವಾದ ಲಾಭ. ಚೆಕ್‌ಪಾಯಿಂಟ್ (ಮೆಮೊರಿಯಲ್ಲಿ ಬದಲಾದ ಪುಟಗಳನ್ನು ಡಿಸ್ಕ್‌ಗೆ ಇಳಿಸುವ ಕೆಲಸ) ಮೇಲಿಂದ ಮೇಲೆ ಆಗುತ್ತಿದೆಯೆಂದು ಸರ್ವರ್ ಲಾಗ್ ಎಚ್ಚರಿಸುತ್ತಿದ್ದರೆ ಎರಡು ಚೆಕ್‌ಪಾಯಿಂಟ್‌ಗಳ ನಡುವೆ ವಾಲ್ ಎಷ್ಟು ಬೆಳೆಯಬಹುದೆಂದು ಹೇಳುವ ‘ಮ್ಯಾಕ್ಸ್_ವಾಲ್_ಸೈಜ್’ ಅನ್ನು ಮೂಲ ಮಿತಿಯಾದ 1 ಜಿಬಿಯಿಂದ ಏರಿಸಿ. ಪ್ರತಿ ಚೆಕ್‌ಪಾಯಿಂಟ್ ಆದ ಮೇಲೆ ಪುಟವೊಂದನ್ನು ಮೊದಲ ಸಲ ತಿದ್ದಿದಾಗ ಇಡೀ 8 ಕೆಬಿ ಪುಟವೇ ವಾಲ್‌ಗೆ ಹೋಗುತ್ತದೆ. ವಾಲ್ ಉಬ್ಬುವುದು ಹೀಗೆ.

ವೇಗಕ್ಕಾಗಿ ‘ಎಫ್‌ಸಿಂಕ್’ (ಬರೆದದ್ದು ನಿಜಕ್ಕೂ ಡಿಸ್ಕ್ ಸೇರಿತೆಂದು ಖಾತ್ರಿ ಮಾಡುವ ಸೆಟ್ಟಿಂಗ್) ಆಫ್ ಮಾಡಿ ಎನ್ನುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಕರೆಂಟ್ ಹೋದರೆ ಇಡೀ ಡೇಟಾಬೇಸ್ ಕೆಡಬಹುದು. ಕೊನೆಯ ಸುಮಾರು 0.6 ಸೆಕೆಂಡಿನ ನಮೂದು ಕಳೆದರೂ ನಡೆಯುತ್ತದೆ ಎನ್ನುವ ಕಡೆ, ಕಮಿಟ್ ಡಿಸ್ಕ್‌ಗಾಗಿ ಕಾಯುವಂತೆ ಮಾಡುವ ‘ಸಿಂಕ್ರೊನಸ್_ಕಮಿಟ್’ ಆಫ್ ಮಾಡಬಹುದು, ಡೇಟಾಬೇಸ್ ಕೆಡುವುದಿಲ್ಲ. ಹಣದ ಲೆಕ್ಕಕ್ಕೆ ಅದೂ ಬೇಡ.

– ಡೇಟಾಬೇಸ್ ನಿರ್ವಾಹಕ, ಬೆಂಗಳೂರು