ಅರಿಶಿನ ಎಲೆ ಬೇಕಾದವರಿಗೆ

ಎಲ್ಲರಿಗೂ ನಮಸ್ಕಾರ. ನಾಗರ ಪಂಚಮಿ ಹತ್ತಿರ ಬಂತು. ಕಡುಬಿಗೆ ಅರಿಶಿನ ಎಲೆ ಕೇಳಿ ಸುಮಾರು ಜನ ಮೆಸೇಜ್ ಮಾಡಿದ್ದೀರಿ. ಈ ಸಲ ನಮ್ಮ ಹಿತ್ತಲಲ್ಲಿ ಗಿಡ ಚೆನ್ನಾಗಿ ಬಂದಿದೆ, ಬಂದು ಕೊಯ್ದುಕೊಳ್ಳಿ. ದುಡ್ಡು ಬೇಡ. ಆದರೆ ಒಂದು ಗಿಡದಿಂದ ಎರಡೇ ಎಲೆ ತೆಗೆಯಿರಿ. ಬೋಳು ಮಾಡಿದರೆ ಕೆಳಗೆ ಗಡ್ಡೆ ಬಲಿಯುವುದಿಲ್ಲ.

ತೀರಾ ಎಳೆಯದು ಬೇಡ, ಹಿಟ್ಟು ಹಚ್ಚುವಾಗ ಹರಿಯುತ್ತದೆ. ಅಗಲವಾದ ಎಲೆ ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೆನೆಸಿ ರುಬ್ಬಿದ ಅಕ್ಕಿ ಹಿಟ್ಟನ್ನು ತೆಳ್ಳಗೆ ಸವರಿ, ಕಾಯಿ ಬೆಲ್ಲದ ಹೂರಣ ಇಟ್ಟು, ಉದ್ದಕ್ಕೆ ಮಡಚಿ ಹಬೆಯಲ್ಲಿ ಬೇಯಿಸಿ. ಎಲೆ ಬಿಡಿಸಿದಾಗ ಕಡುಬಿನ ಮೇಲೆ ಎಲೆಯ ಗೆರೆಗಳೆಲ್ಲ ಮೂಡಿರುತ್ತವೆ. ಆ ಪರಿಮಳ ಬಾಳೆಲೆಯಲ್ಲಿ ಎಲ್ಲಿ ಬರುತ್ತದೆ, ಅಲ್ವಾ?

ಗಿಡದಲ್ಲಿ ಹೂ ಕಂಡರೆ ಸುಮ್ನೆ ಕೀಳಬೇಡಿ. ತಿಳಿಹಸಿರು ಪದರಗಳ ಸಂದಿಯಿಂದ ಪುಟ್ಟ ಹಳದಿ ಹೂ ಇಣುಕುತ್ತದೆ, ಮಕ್ಕಳಿಗೆ ತೋರಿಸಿ. ಅರಿಶಿನ ಬೀಜದಿಂದ ಬೆಳೆಯುವ ಬೆಳೆಯಲ್ಲ, ಗಡ್ಡೆಯ ತುಂಡು ನೆಟ್ಟೇ ಹೊಸ ಗಿಡ ಮಾಡಬೇಕು. ತುಂಡು ಬೇಕಾದವರು ಎಲೆಯೆಲ್ಲ ಒಣಗುವವರೆಗೆ ಕಾಯಿರಿ. ಜನವರಿ ಹೊತ್ತಿಗೆ ಅಗೆದು ಇಲ್ಲೇ ತಿಳಿಸುತ್ತೇನೆ.

ಬರುವಾಗ ಒಂದು ಚೀಲ ತನ್ನಿ. ಬೆಳಿಗ್ಗೆ ಬಂದರೆ ಎಲೆ ತಾಜಾ ಇರುತ್ತದೆ.